ಜಾವಾ ಟ್ಯಾಂಕಿನೊಳಗಿನ ಕೆಂಪು ಪುಡಿ

ನನ್ನದು 1967ರ ಜಾವಾ 250 ಬೈಕ್, ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ಸಕಲೇಶಪುರದ ನಮ್ಮ ಮಾವನ ಮನೆಯ ಕೊಟ್ಟಿಗೆಯಲ್ಲಿ ಎಂಟು ಮಳೆಗಾಲ ಸುಮ್ನೆ ನಿಂತಿತ್ತು. ಎಂಜಿನ್ ಬೇಗ ಸ್ಟಾರ್ಟ್ ಆಯಿತು. ಆದರೆ ಕಾರ್ಬುರೇಟರ್ ಎಷ್ಟು ಸಲ ತೊಳೆದರೂ ಎರಡೇ ದಿನಕ್ಕೆ ಜೆಟ್ (ಅದರೊಳಗೆ ಪೆಟ್ರೋಲ್ ಹರಿಯುವ ಸಣ್ಣ ತೂತು) ಕಟ್ಟಿಕೊಳ್ಳುತ್ತಿತ್ತು. ಬಿಚ್ಚಿದರೆ ಕುಂಕುಮದಂಥ ಕೆಂಪು ಪುಡಿ.

ಟಾರ್ಚ್ ಬೆಳಕು ಬಿಟ್ಟು ಟ್ಯಾಂಕಿನೊಳಗೆ ನೋಡಿದೆ. ತಳಕ್ಕಿಂತ ಮೇಲ್ಭಾಗದಲ್ಲೇ ತುಕ್ಕು ಜಾಸ್ತಿ ಇತ್ತು. ಟೂ ಸ್ಟ್ರೋಕ್ ಗಾಡಿ ಅಲ್ವಾ, ಪೆಟ್ರೋಲಿನಲ್ಲಿ ಆಯಿಲ್ ಇರುತ್ತದೆ. ಪೆಟ್ರೋಲ್ ಮುಟ್ಟಿದ ಕಡೆ ಸ್ವಲ್ಪ ಎಣ್ಣೆಪಸೆ ಉಳಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನ ಮೇಲ್ಭಾಗಕ್ಕೆ ಸಿಗುವುದು ಮಲೆನಾಡಿನ ತೇವದ ಗಾಳಿ ಮಾತ್ರ. ರಾತ್ರಿ ತಣ್ಣಗಾದಾಗ ಅಲ್ಲಿ ನೀರಿನ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ಇಳಿದು ತಳದ ಅಂಚಿನಲ್ಲಿ ಕೂರುತ್ತದೆ. ನನ್ನ ಟ್ಯಾಂಕಿಗೆ ತೂತು ಬಿದ್ದದ್ದೂ ಅಲ್ಲೇ.

ಟಾಯ್ಲೆಟ್ ಆಸಿಡ್ ಹಾಕಿದರೆ ಹತ್ತು ನಿಮಿಷದ ಕೆಲಸ ಎಂದು ಒಬ್ಬ ಮೆಕ್ಯಾನಿಕ್ ಹೇಳಿದರು. ದಯವಿಟ್ಟು ಹಾಗೆ ಮಾಡಬೇಡಿ. ಅದು ತುಕ್ಕಿನ ಜೊತೆ ತಗಡನ್ನೂ ತಿನ್ನುತ್ತದೆ, ಅದರ ಹೊಗೆ ಹೊರಗಿನ ಕ್ರೋಮನ್ನೂ ಕೆಡಿಸುತ್ತದೆ. ಆ ಕ್ರೋಮ್ ಪಕ್ಕೆಗಳೇ ಜಾವಾಗೆ ಅಂದ.

ನಾನು ಬಳಸಿದ್ದು ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್. ಪೆಟ್ರೋಲ್ ಕಾಕ್ (ಟ್ಯಾಂಕಿನ ತಳದ ನಲ್ಲಿ) ಬಿಚ್ಚಿ ಆ ತೂತಿಗೆ ರಬ್ಬರ್ ಬಿರಡೆ ಹಾಕಿದೆ. ತಳದ ತೂತಿಗೆ ತಾತ್ಕಾಲಿಕವಾಗಿ ಎಂ-ಸೀಲ್ ಮೆತ್ತಿದೆ. ಸೋಪಿನ ಬಿಸಿನೀರಿನಲ್ಲಿ ಮೂರು ಸಲ ತೊಳೆದೆ, ಯಾಕೆಂದರೆ ಎಣ್ಣೆಪಸೆ ಇದ್ದರೆ ಹುಳಿ ತುಕ್ಕನ್ನು ಮುಟ್ಟುವುದಿಲ್ಲ. ಆಮೇಲೆ ಬೆಚ್ಚಗಿನ ನೀರಿಗೆ ಲೀಟರಿಗೆ 50 ಗ್ರಾಂ ಲೆಕ್ಕದಲ್ಲಿ ನಿಂಬೆ ಉಪ್ಪು ಕರಗಿಸಿ ಕಂಠದವರೆಗೆ ತುಂಬಿ ಒಂದು ದಿನ ಬಿಟ್ಟೆ. ಮುಚ್ಚಳ ಬಿಗಿ ಮಾಡಲಿಲ್ಲ, ಒಳಗೆ ಗ್ಯಾಸ್ ಏಳುತ್ತದೆ. ಮರುದಿನ ಸುರಿದರೆ ಕಡು ಕಂದು ನೀರು, ಒಳಗೆ ಬೂದುಬಣ್ಣದ ಶುದ್ಧ ತಗಡು.

ಕೆಲಸ ಕೆಟ್ಟದ್ದು ಆಮೇಲೆ. ಬರೀ ನೀರಿನಲ್ಲಿ ತೊಳೆದು ಬಿಸಿಲಿಗಿಟ್ಟು ಊಟಕ್ಕೆ ಹೋದೆ. ಬಂದು ನೋಡಿದರೆ ಒಳಗೆಲ್ಲ ಕಿತ್ತಳೆ ಬಣ್ಣ. ಬೆತ್ತಲೆ ತಗಡಿಗೆ ತೇವ ಸಿಕ್ಕರೆ ಒಂದು ಗಂಟೆಯೂ ಬೇಕಿಲ್ಲ, ಮತ್ತೆ ತುಕ್ಕು. ಎರಡನೇ ಸಲ ಎಲ್ಲವನ್ನೂ ಮೊದಲೇ ಕೈಗೆ ಸಿಗುವಂತೆ ಇಟ್ಟುಕೊಂಡೆ. ಹುಳಿನೀರು ಸುರಿದ ತಕ್ಷಣ ಅಡುಗೆ ಸೋಡಾ ಬೆರೆಸಿದ ನೀರು, ಅದರ ಹಿಂದೆಯೇ ಕುದಿಯುವಷ್ಟು ಬಿಸಿನೀರು. ತಗಡು ಕಾದಿದ್ದರೆ ತಾನೇ ಬೇಗ ಒಣಗುತ್ತದೆ. ಆಮೇಲೆ ಹೇರ್ ಡ್ರೈಯರ್ ಗಾಳಿ. ಒಣಗಿತು ಅನ್ನಿಸಿದ ಕೂಡಲೇ ಕಾಲು ಲೀಟರ್ ಟೂ-ಟಿ ಆಯಿಲ್ (ಟೂ ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಸುರಿದು ಎಲ್ಲ ಮೂಲೆಗೂ ತಾಗುವಂತೆ ಟ್ಯಾಂಕನ್ನು ಹೊರಳಾಡಿಸಿದೆ. ಈ ಸಲ ಬಣ್ಣ ತಿರುಗಲಿಲ್ಲ.

ತೂತಿನ ಬೆಸುಗೆಗೆ ರೇಡಿಯೇಟರ್ ರಿಪೇರಿ ಮಾಡುವ ಹಿರಿಯ ಮೇಸ್ತ್ರಿಯ ಹತ್ತಿರ ಹೋದೆ. ತೆಳು ತಗಡಿಗೆ ವೆಲ್ಡಿಂಗ್‌ಗಿಂತ ಸೀಸದ ಬೆಸುಗೆಯೇ ವಾಸಿ, ಕಾವು ಕಡಿಮೆ. ಅವರು ಮೊದಲು ಕೇಳಿದ್ದು, "ಸಾರ್, ಒಳಗೆ ಚೆನ್ನಾಗಿ ತೊಳೆದಿದ್ದೀರಾ?" ಎಂದು. ತೊಳೆದಿದ್ದೇನೆ ಎಂದರೂ ನಂಬಲಿಲ್ಲ. ಸೋಪು ನೀರು ಹಾಕಿ ತಾವೇ ಮತ್ತೆ ತೊಳೆದರು. ಪೆಟ್ರೋಲ್ ಖಾಲಿಯಾದರೂ ಅದರ ಆವಿ ಉಳಿದಿರುತ್ತದೆ, ಬೆಂಕಿ ತಾಗಿದರೆ ಟ್ಯಾಂಕ್ ಬಾಂಬಿನ ಹಾಗೆ ಸಿಡಿಯುತ್ತದೆ. ಅವರ ಆ ಎಚ್ಚರ ನನಗೆ ಬಹಳ ಹಿಡಿಸಿತು. ಮನೆಗೆ ಬಂದು ಮತ್ತೆ ಒಣಗಿಸಿ, ಎಣ್ಣೆ ಸವರಿದೆ.

ಲೀಕ್ ನೋಡಲು ಅಂಚಿಗೆಲ್ಲ ಸೋಪಿನ ನೊರೆ ಹಚ್ಚಿ, ಪೈಪಿನಿಂದ ಬಾಯಲ್ಲೇ ಊದಿದೆ. ಕಂಪ್ರೆಸರ್ ಬೇಡ, ಟ್ಯಾಂಕ್ ಉಬ್ಬಿಬಿಡುತ್ತದೆ. ಒಳಗೆ ಬಳಿಯುವ ಸೀಲರ್ ನಾನು ಹಾಕಲಿಲ್ಲ. ತುಕ್ಕಿನ ಮೇಲೆ ಹಾಕಿದ ಸೀಲರ್ ಆಮೇಲೆ ಸಿಪ್ಪೆಯಂತೆ ಎದ್ದು ಕಾಕಿನಲ್ಲಿ ಸಿಕ್ಕಿಕೊಂಡದ್ದನ್ನು ಗೆಳೆಯನ ಗಾಡಿಯಲ್ಲಿ ನೋಡಿದ್ದೇನೆ. ಜೊತೆಗೆ ಈಗ ಬಂಕಿನಲ್ಲಿ ಬರುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೂ ಎಥನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ತಿಂಗಳುಗಟ್ಟಲೆ ಗಾಡಿ ನಿಲ್ಲಿಸುವುದಾದರೆ ಪೆಟ್ರೋಲ್ ಪೂರ್ತಿ ಇಳಿಸಿ ಒಳಗೆ ಎಣ್ಣೆ ಸವರಿ ಇಡುತ್ತೇನೆ.

ಎಲ್ಲ ಜೋಡಿಸಿ ಹೊರಟರೆ ಹತ್ತು ಕಿಲೋಮೀಟರಿಗೆ ಗಾಡಿ ನಿಂತಿತು. ಮುಚ್ಚಳ ತೆಗೆದಾಗ 'ಸುಸ್' ಎಂದು ಗಾಳಿ ಒಳಗೆ ಎಳೆಯಿತು, ಗಾಡಿ ಮತ್ತೆ ಸ್ಟಾರ್ಟ್ ಆಯಿತು. ನಾನು ಹೊಸದಾಗಿ ಕತ್ತರಿಸಿ ಹಾಕಿದ್ದ ವಾಷರ್, ಮುಚ್ಚಳದ ಗಾಳಿ ತೂತನ್ನು ಮುಚ್ಚಿತ್ತು, ಒಳಗೆ ಗಾಳಿ ಬರದೆ ಪೆಟ್ರೋಲ್ ಇಳಿಯುತ್ತಿರಲಿಲ್ಲ. ರಸ್ತೆ ಬದಿಯಲ್ಲೇ ವಾಷರಿಗೆ ಒಂದು ಪಿನ್ ಚುಚ್ಚಿ ದಾರಿ ಮಾಡಿದೆ. ಆಮೇಲೆ ಮನೆಯವರೆಗೂ ಎಲ್ಲೂ ನಿಲ್ಲಲಿಲ್ಲ.