ವ್ಯಾಯಾಮ ಮಾಡಿಯೂ, ಒಳ್ಳೆಯದನ್ನೇ ತಿಂದೂ ತೂಕ ಏರುತ್ತಿದೆಯಾ? ಕಾರಣ ಹೀಗೆ ಹುಡುಕಿ

ದಿನಾ ಬೆವರು ಸುರಿಸುತ್ತೀರಿ, ಕರಿದದ್ದು ಬಿಟ್ಟಿದ್ದೀರಿ, ಸಿಹಿ ಮುಟ್ಟುತ್ತಿಲ್ಲ, ಆದರೂ ತೂಕ ಮಾತ್ರ ಮೇಲಕ್ಕೇ ಹೋಗುತ್ತಿದೆ. ಇಂಥ ಹೊತ್ತಲ್ಲಿ ಸಿಟ್ಟು ಬಂದು ಜನ ರಾತ್ರಿ ಊಟವನ್ನೇ ಬಿಟ್ಟುಬಿಡುತ್ತಾರೆ. ಅದು ಬೇಡ. ಏರಿದ್ದು ನೀರೋ, ಸ್ನಾಯುವೋ, ಕೊಬ್ಬೋ ಅಂತ ಮೊದಲು ಗೊತ್ತಾಗಲಿ.

ವ್ಯಾಯಾಮ ಶುರು ಮಾಡಿ ಕೆಲವೇ ವಾರ ಆಗಿದ್ದರೆ ಅನುಮಾನ ನೀರಿನ ಮೇಲಿರಲಿ. ರೂಢಿಯಿಲ್ಲದ ಕೆಲಸಕ್ಕೆ ಸ್ನಾಯುಗಳು ಸ್ವಲ್ಪ ಊದಿಕೊಂಡು ನೀರು ಹಿಡಿದಿಟ್ಟುಕೊಳ್ಳುತ್ತವೆ. ಜೊತೆಗೆ ಮುಂದಿನ ಕೆಲಸಕ್ಕೆ ಬೇಕಲ್ವಾ ಅಂತ ಗ್ಲೈಕೋಜನ್, ಅಂದರೆ ಶಕ್ತಿಗಾಗಿ ಇಡುವ ಸಕ್ಕರೆಯ ದಾಸ್ತಾನು, ಕೂಡಿಡುತ್ತವೆ. ಒಂದು ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರೂ ಬಂದು ಕೂರುತ್ತದೆ. ಜಿಮ್‌ಗೆ ಹೋಗುವವರು ಸ್ನಾಯುಬಲಕ್ಕೆ ಅಂತ ಬಳಸುವ ಕ್ರಿಯಾಟಿನ್ ಪುಡಿ ತೆಗೆದುಕೊಳ್ಳುವವರಿಗೆ ಇನ್ನೂ ಒಂದೆರಡು ಕಿಲೋ ನೀರು ಸೇರಬಹುದು. ಉಪ್ಪು ಜಾಸ್ತಿಯಾದ ಮಾರನೇ ದಿನ, ಮುಟ್ಟಿನ ಮುಂಚಿನ ದಿನಗಳಲ್ಲಿ, ಮಲಬದ್ಧತೆ ಇದ್ದಾಗ ಕೂಡ ತೂಕ ಏರುತ್ತದೆ. ಇದ್ಯಾವುದೂ ಕೊಬ್ಬಲ್ಲ.

"ಇಲ್ಲ, ನನ್ನದು ಸ್ನಾಯು ಬೆಳೆದದ್ದು" ಅನ್ನುವ ಸಮಾಧಾನವೂ ಚಾಲ್ತಿಯಲ್ಲಿದೆ. ಭಾರ ಎತ್ತುವವರಾದರೆ ಸ್ವಲ್ಪ ನಿಜ ಇರಬಹುದು. ಆದರೆ ಹೊಸಬರಿಗೂ ತಿಂಗಳಿಗೆ ಒಂದು ಕಿಲೋ ಸ್ನಾಯು ಬಂದರೆ ಅದೇ ದೊಡ್ಡದು. ಬರೀ ನಡೆಯುವವರಿಗೆ ಈ ನೆಪ ಸಿಗುವುದಿಲ್ಲ.

ಹಾಗಾಗಿ ಅಳೆಯುವ ರೀತಿ ಬದಲಿಸಿ. ಬೆಳಿಗ್ಗೆ ಎದ್ದು, ಶೌಚಕ್ಕೆ ಹೋಗಿ ಬಂದು, ಏನೂ ತಿನ್ನುವ ಮುಂಚೆ ತೂಕ ನೋಡಿ ಬರೆದಿಡಿ. ಒಂದೇ ದಿನದ ಅಂಕಿ ನೋಡಿ ಗಾಬರಿಯಾಗಬೇಡಿ, ಒಂದೆರಡು ಕಿಲೋ ಸುಮ್ನೆ ಹತ್ತಿ ಇಳಿಯುತ್ತಿರುತ್ತದೆ. ವಾರದ ಸರಾಸರಿ ತೆಗೆದು ಅದನ್ನು ಹಿಂದಿನ ವಾರದ ಸರಾಸರಿಯ ಪಕ್ಕ ಇಡಿ. ಮುಟ್ಟಾಗುವವರು ಹೋದ ತಿಂಗಳ ಅದೇ ವಾರದ ಜೊತೆ ಹೋಲಿಸಿ. ಟೇಪನ್ನೂ ಹಿಡಿಯಿರಿ: ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ. ತೂಕ ನಿಂತಲ್ಲೇ ಇದ್ದು ಸುತ್ತಳತೆ ಇಳಿಯುತ್ತಿದ್ದರೆ ನೀವು ಸರಿಯಾಗಿಯೇ ಇದ್ದೀರಿ, ಮುಂದೆ ಓದುವುದೂ ಬೇಕಿಲ್ಲ.

ಎರಡೂ ಏರುತ್ತಿದ್ದರೆ ಊಟದ ಲೆಕ್ಕಕ್ಕೆ ಬರೋಣ. ನನ್ನ ಪ್ರಕಾರ ಹೆಚ್ಚಿನವರ ಉತ್ತರ ಸಿಗುವುದು ಇಲ್ಲೇ, ಅದನ್ನು ಒಪ್ಪಿಕೊಳ್ಳುವುದೇ ಕಷ್ಟ. ಆರೋಗ್ಯಕ್ಕೆ ಒಳ್ಳೆಯದು ಅಂದ ಮಾತ್ರಕ್ಕೆ ಕ್ಯಾಲರಿ ಕಡಿಮೆ ಅಂತಲ್ಲ. ಯಾವ ಎಣ್ಣೆಯಾದರೂ ಒಂದು ದೊಡ್ಡ ಚಮಚಕ್ಕೆ ಸುಮಾರು 120 ಕ್ಯಾಲರಿ, ಎಷ್ಟೇ ಶುದ್ಧ ಇದ್ದರೂ ಅಷ್ಟೇ. ಒಂದು ಹಿಡಿ ಬಾದಾಮಿ, ಅಂದರೆ 30 ಗ್ರಾಂ, 170ರ ಆಸುಪಾಸು. ಬಟ್ಟಲು ಪಕ್ಕದಲ್ಲಿಟ್ಟುಕೊಂಡು ಕೂತರೆ ಒಂದು ಹಿಡಿ ಮೂರಾಗಲು ಎಷ್ಟು ಹೊತ್ತು ಬೇಕು? ಜೇನು, ಒಣಹಣ್ಣು, ಹಣ್ಣಿನ ರಸ, ಗ್ರಾನೋಲಾ, ಪ್ರೋಟೀನ್ ಬಾರ್, ಎಲ್ಲದರ ಕಥೆಯೂ ಇದೇ. 1992ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಣ್ಣ ಅಧ್ಯಯನದಲ್ಲಿ, ಎಷ್ಟು ಕಮ್ಮಿ ತಿಂದರೂ ತೂಕ ಇಳಿಯಲ್ಲ ಅಂತಿದ್ದವರನ್ನು ಪರೀಕ್ಷಿಸಿದರು. ಅವರು ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳಿದ್ದರು, ಮಾಡಿದ ಚಟುವಟಿಕೆಯನ್ನು 51% ಜಾಸ್ತಿ ಹೇಳಿದ್ದರು. ಅವರು ಸುಳ್ಳುಗಾರರು ಅಂತ ನನಗನಿಸುವುದಿಲ್ಲ, ನಮ್ಮೆಲ್ಲರ ಅಂದಾಜೂ ಹೀಗೇ ಜಾರುತ್ತದೆ.

ಒಂದು ವಾರ, ಬರೀ ಒಂದೇ ವಾರ, ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆಯಿರಿ. ಏನನ್ನೂ ಬಿಡಬೇಡಿ, ಎಂದಿನಂತೆ ತಿನ್ನಿ. ಒಗ್ಗರಣೆಗೆ ಬಿದ್ದ ಎಣ್ಣೆ, ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ಹಾಳು ಮಾಡಬಾರದು ಅಂತ ಬಾಯಿಗೆ ಹಾಕಿಕೊಂಡಿದ್ದು, ಹಾಲು ಸಕ್ಕರೆ ಹಾಕಿದ ಕಾಫಿ, ಕುಡಿಯುವವರಾದರೆ ಮದ್ಯ, ಎಲ್ಲ ಪಟ್ಟಿಗೆ ಬರಲಿ. ರಜೆಯ ದಿನಗಳನ್ನು ಮುಖ್ಯವಾಗಿ ಬರೆಯಿರಿ, ಐದು ದಿನ ಉಳಿಸಿದ್ದು ಎರಡು ದಿನದಲ್ಲಿ ಖರ್ಚಾಗಿರುತ್ತದೆ. (ಯಾವತ್ತಾದರೂ ಊಟದ ಚಿಂತೆ ವಿಪರೀತಕ್ಕೆ ಹೋಗಿದ್ದವರು ಈ ತೂಗುವ ಕೆಲಸ ಬಿಟ್ಟು ನೇರ ಆಹಾರತಜ್ಞರ ಹತ್ತಿರ ಹೋಗಿ.)

ಇನ್ನೊಂದು ಕಡೆ ವ್ಯಾಯಾಮದ ಲೆಕ್ಕ. ಸುಮಾರು 65 ಕಿಲೋ ಇರುವವರು ಅರ್ಧ ಗಂಟೆ ಬಿರುಸಾಗಿ ನಡೆದರೆ ಕರಗುವುದು 120ರಿಂದ 150 ಕ್ಯಾಲರಿ, ಆ ಒಂದು ಹಿಡಿ ಬಾದಾಮಿಗಿಂತ ಕಮ್ಮಿ. ಕ್ಯಾಲರಿ ಎಣಿಸುವ ಕೈಗಡಿಯಾರ 400 ತೋರಿಸಿತು ಅಂತ ನಂಬಿ ತಿಂದರೆ ಕೆಟ್ಟಿರಿ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2017ರಲ್ಲಿ ಮಣಿಕಟ್ಟಿನ 7 ಸಾಧನಗಳನ್ನು ಪರೀಕ್ಷಿಸಿದಾಗ, ಇದ್ದುದರಲ್ಲಿ ಒಳ್ಳೆಯದು ಕೂಡ ಕ್ಯಾಲರಿ ಲೆಕ್ಕದಲ್ಲಿ ಸರಾಸರಿ 27% ತಪ್ಪಿತ್ತು. ಆಮೇಲೆ ಇನ್ನೊಂದಿದೆ: ಬೆಳಿಗ್ಗೆ ವ್ಯಾಯಾಮ ಮುಗಿಸಿ, ಆ ದಣಿವಿಗೆ ಉಳಿದ ದಿನವೆಲ್ಲ ಕುರ್ಚಿ ಬಿಡದಿರುವುದು. ನಿಂತು, ಓಡಾಡಿ, ಮನೆಕೆಲಸ ಮಾಡಿ ಕರಗುವುದು ಚಿಕ್ಕದಲ್ಲ. ದಿನದ ಒಟ್ಟು ಹೆಜ್ಜೆ ಹಳೆಯದಕ್ಕಿಂತ ಕಡಿಮೆಯಾಗಿದೆಯಾ ನೋಡಿಕೊಳ್ಳಿ.

ವಯಸ್ಸಾಯ್ತು, ಮೆಟಬಾಲಿಸಂ (ದೇಹ ಕ್ಯಾಲರಿ ಖರ್ಚು ಮಾಡುವ ವೇಗ) ನಿಧಾನವಾಯ್ತು ಅನ್ನುವವರಿಗೆ: 2021ರ ಒಂದು ದೊಡ್ಡ ಅಧ್ಯಯನದ ಪ್ರಕಾರ ದೇಹದ ಗಾತ್ರದ ಲೆಕ್ಕ ಹಿಡಿದರೆ 20ರಿಂದ 60ರವರೆಗೆ ಅದು ಹೆಚ್ಚುಕಮ್ಮಿ ಒಂದೇ ಸಮ. ಬದಲಾಗುವುದು ಓಡಾಟ, ಸ್ನಾಯು ಮತ್ತು ನಿದ್ದೆ. ನಿದ್ದೆ ಕೆಟ್ಟರೆ ಮಾರನೇ ದಿನ ಹಸಿವು ಜಾಸ್ತಿ, ಅದೂ ಸಿಹಿ, ಜಿಡ್ಡಿನ ಮೇಲೇ ಆಸೆ. 7 ಗಂಟೆ ಮಲಗಿ.

ಲೆಕ್ಕ ಸಿಕ್ಕ ಮೇಲೆ ದಿನಕ್ಕೆ 200-300 ಕ್ಯಾಲರಿ ಇಳಿಸಿದರೆ ಸಾಕು. ಎಣ್ಣೆಯನ್ನು ಬಾಟಲಿಯಿಂದ ಸುರಿಯದೆ ಚಮಚದಲ್ಲಿ ಹಾಕಿ, ರಸದ ಬದಲು ಹಣ್ಣು ತಿನ್ನಿ, ಪ್ರತಿ ಊಟದಲ್ಲೂ ಬೇಳೆ, ಮೊಟ್ಟೆ, ಮೊಸರು, ಮೀನು ಇಂಥ ಪ್ರೋಟೀನ್ ಏನಾದರೂ ಇರಲಿ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮ ಸೇರಿಸಿ. ನಾಲ್ಕು ವಾರ ಕಾಯಿರಿ.

ಆಮೇಲೂ ಏರುತ್ತಿದ್ದರೆ ವೈದ್ಯರನ್ನು ನೋಡಿ, ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿ ತೆಗೆದುಕೊಂಡು ಹೋಗಿ. ಸ್ಟೀರಾಯ್ಡ್, ಇನ್ಸುಲಿನ್, ಕೆಲವು ಖಿನ್ನತೆ, ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗದ ಮಾತ್ರೆಗಳು, ಕೆಲವು ಬಿಪಿ ಮಾತ್ರೆಗಳು ತೂಕ ಏರಿಸಬಲ್ಲವು. ನೀವೇ ನಿಲ್ಲಿಸಬೇಡಿ, ಬದಲಿ ಇದೆಯಾ ಕೇಳಿ. ಥೈರಾಯ್ಡ್‌ಗೆ ಟಿಎಸ್‌ಎಚ್ ಎಂಬ ರಕ್ತಪರೀಕ್ಷೆ ಮಾಡಿಸಿ, ಆದರೆ ಎಲ್ಲ ತಪ್ಪನ್ನೂ ಅದರ ತಲೆಗೆ ಕಟ್ಟಬೇಡಿ, ಥೈರಾಯ್ಡ್ ಕಮ್ಮಿಯಾಗಿ ಏರುವ ತೂಕ ಸಾಮಾನ್ಯವಾಗಿ 2ರಿಂದ 4 ಕಿಲೋ, ಅದರಲ್ಲೂ ಹೆಚ್ಚಿನದು ನೀರು. ಮುಟ್ಟು ಏರುಪೇರಾಗಿ ಮುಖದಲ್ಲಿ ಕೂದಲು ಬರುತ್ತಿದ್ದರೆ ಪಿಸಿಓಎಸ್, ಅಂದರೆ ಹೆಂಗಸರ ಹಾರ್ಮೋನ್ ಏರುಪೇರಿನ ತೊಂದರೆ, ಅದರ ಬಗ್ಗೆ ಕೇಳಿ. ಆದರೆ ಎರಡು ಮೂರು ದಿನದಲ್ಲೇ ತೂಕ ದಿಢೀರ್ ಏರಿ, ಕಾಲು ಊದಿ, ಮಲಗಿದರೆ ಉಸಿರು ಕಟ್ಟಿದಂತಾದರೆ ನಾಲ್ಕು ವಾರದ ಮಾತೇ ಇಲ್ಲ. ಅದು ಹೃದಯದ್ದೋ ಮೂತ್ರಪಿಂಡದ್ದೋ ತೊಂದರೆಯಾಗಿರಬಹುದು, ಅವತ್ತೇ ಆಸ್ಪತ್ರೆಗೆ ಹೋಗಿ.