ಎದೆ 168, ತೋಳು 8: ನನ್ನ ಕಾಲುರಿಯ ಅಳತೆ ಪುಸ್ತಕ

ರಾತ್ರಿ ಎರಡಕ್ಕೆ ಎದ್ದು ಪಡಸಾಲೆಯ ಶಹಾಬಾದ್ ಕಲ್ಲಿಗೆ ಅಂಗಾಲು ಒತ್ತಿಕೊಂಡು ಕೂರುವ ಸುಖ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬೇಕು. ತಣ್ಣನೆಯ ಕಲ್ಲು ಹತ್ತು ನಿಮಿಷ ಉರಿ ಹೀರಿಕೊಳ್ಳುತ್ತದೆ. ಆಮೇಲೆ ಕಲ್ಲೇ ಬೆಚ್ಚಗಾಗುತ್ತದೆ. ಪಕ್ಕದ ಕಲ್ಲಿಗೆ ಸರಿಯಬೇಕು. ಹೀಗೆ ಬೆಳಗಾಗುವಷ್ಟರಲ್ಲಿ ನಾನು ಈ ಗೋಡೆಯಿಂದ ಆ ಗೋಡೆಗೆ ಬಂದಿರುತ್ತಿದ್ದೆ. "ಮತ್ತ ಎದ್ದೀರೇನ್ರೀ?" ಅಂತ ಮನೆಯಾಕೆ ಒಳಗಿನಿಂದ ಕೇಳುತ್ತಿದ್ದಳು. ಇದು ಎರಡು ವರ್ಷದ ಮೇಲೆ ನಡೆಯಿತು. ಈಗ ಉರಿಗೆ ಎದ್ದು ವರ್ಷದ ಮೇಲಾಯಿತು. ಹೇಗಾಯ್ತು ಅಂತ ಗಂಜ್ ಮಾರುಕಟ್ಟೆಯ ಗೆಳೆಯರಿಂದ ಹಿಡಿದು ಬೀಗರವರೆಗೆ ಎಲ್ಲರೂ ಕೇಳುತ್ತಾರೆ. ಕೇಳುವವರಲ್ಲಿ ಅರ್ಧ ಜನ ಆಗ ನಾನು ಉರಿಯ ಲೆಕ್ಕ ಬರೆಯುವುದನ್ನು ನೋಡಿ ನಕ್ಕವರೇ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಟೇಲರ್. ಕಲಬುರಗಿಯಲ್ಲಿ ಮೂವತ್ತು ವರ್ಷದ ಅಂಗಡಿ. 2011ರಲ್ಲಿ ಶುಗರ್ ಬಂತು. ಫಾಸ್ಟಿಂಗ್ ಅಂದರೆ ಬೆಳಿಗ್ಗೆ ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ಅಂದರೆ ಎಚ್‌ಬಿಎ1ಸಿ ಅನ್ನುವ ರಕ್ತಪರೀಕ್ಷೆಯ ಶೇಕಡಾ ಅಂಕಿ. ಮೊದಲ ಏಳೆಂಟು ವರ್ಷ ಗುಳಿಗೆ ನುಂಗಿದೆ, ಮರೆತೆ. 2019ರ ಹೊತ್ತಿಗೆ ಕಾಲ್ಬೆರಳ ತುದಿಯಲ್ಲಿ ಇರುವೆ ಹರಿದಂತೆ ಶುರುವಾಯಿತು. ಆಮೇಲೆ ಉರಿ. ನನ್ನನ್ನು ನಿಜವಾಗಿ ಹೆದರಿಸಿದ್ದು ಮಾತ್ರ ಉರಿ ಅಲ್ಲ. ಒಂದು ಸಂಜೆ ಬಚ್ಚಲಲ್ಲಿ ಕಾಲು ತೊಳೆಯುವಾಗ ನೀರು ಕೆಂಪಾಯಿತು. ನೋಡಿದರೆ ಎಡಗಾಲ ಹೆಬ್ಬೆರಳ ಬುಡದಲ್ಲಿ ಟಾಚಣಿ, ಅಂದರೆ ಗುಂಡುಪಿನ್ನು, ತಲೆಯವರೆಗೂ ಹೋಗಿ ಕೂತಿದೆ. ನನ್ನದೇ ಅಂಗಡಿಯ ಟಾಚಣಿ. ಯಾವಾಗ ಚುಚ್ಚಿತೋ ಏನೋ, ಅದನ್ನು ಮೆಟ್ಟಿಕೊಂಡೇ ಮನೆತನಕ ನಡೆದು ಬಂದಿದ್ದೆ. ರಾತ್ರಿ ಬೆಂಕಿಯಂತೆ ಉರಿಯುವ ಕಾಲು, ಹಗಲು ಟಾಚಣಿ ಹೊಕ್ಕರೂ ಸುಮ್ಮನಿರುತ್ತದೆ. ಇದ್ಯಾವ ನ್ಯಾಯ?

ಮೊದಲು ದುಡ್ಡು ಹಾಳು ಮಾಡಿದ್ದನ್ನು ಹೇಳಿಬಿಡುತ್ತೇನೆ. ಕಾಲು ತಿಕ್ಕುವ ಮಷೀನು, ಕಂತಿನ ಮೇಲೆ, ಹದಿನಾಲ್ಕು ಸಾವಿರದ ಹತ್ತಿರ. ಹಾಕಿಕೊಂಡಷ್ಟು ಹೊತ್ತು ಹಿತ. ಇಳಿದರೆ ಮತ್ತೆ ಅದೇ ಕಥೆ. ಈಗ ಅದರ ಮೇಲೆ ಅಸ್ತರಿನ ಬಟ್ಟೆ ಇಡುತ್ತೇನೆ, ಎತ್ತರ ಸರಿಯಾಗಿದೆ. ಆಮೇಲೆ ಲಾಡ್ಜಿನಲ್ಲಿ ವಾರಕ್ಕೊಮ್ಮೆ ಬಂದು ಕೂರುತ್ತಿದ್ದ ಒಬ್ಬನ 'ನರದ ಎಣ್ಣೆ', ಮೂರು ಬಾಟಲಿಗೆ ನಾಲ್ಕೂವರೆ ಸಾವಿರ. ಕರ್ಪೂರದ ವಾಸನೆ ಇತ್ತು, ಅಷ್ಟೇ. ನಾಲ್ಕನೇ ವಾರ ಅವನೂ ಇರಲಿಲ್ಲ.

ಎಲ್ಲಕ್ಕಿಂತ ದುಬಾರಿಯಾಗಿದ್ದು ಪುಕ್ಕಟೆ ಔಷಧ. ಬಿಸಿನೀರಿಗೆ ಉಪ್ಪು ಹಾಕಿ ಕಾಲು ಇಳಿಬಿಡು ಅಂತ ಯಾರೋ ಅಂದರು. ಕಾಲು ಇಟ್ಟೆ. ಬೆಚ್ಚಗಿದೆ ಅನ್ನಿಸಿತು, ಇನ್ನಷ್ಟು ಬಿಸಿ ಸುರಿಸಿಕೊಂಡೆ. ಮರುದಿನ ಅಂಗಾಲಲ್ಲಿ ಹುಣಸೆಬೀಜದ ಗಾತ್ರದ ಬೊಬ್ಬೆಗಳು. ನೀರು ಬೆಚ್ಚಗಿರಲಿಲ್ಲ, ಕುದಿಯುತ್ತಿತ್ತು. ಗೊತ್ತಾಗಬೇಕಾದ ಕಾಲಿಗೆ ಗೊತ್ತಾಗಲಿಲ್ಲ. ಇಪ್ಪತ್ತೆರಡು ದಿನ ಡ್ರೆಸ್ಸಿಂಗ್. ಮದುವೆ ಸೀಜನ್ನು, ಕೈಗೆ ಬಂದ ಬ್ಲೌಸುಗಳನ್ನೆಲ್ಲ ಎದುರಂಗಡಿಗೆ ಕಳಿಸಿದೆ. ಇಪ್ಪತ್ತು ಸಾವಿರವಾದರೂ ಹೋಯಿತು. ಈಗ ನಮ್ಮ ಮನೆಯಲ್ಲಿ ಕಾಲಿಗೆ ನೀರು ಹಾಕುವ ಮೊದಲು ಮೊಣಕೈ ಅದ್ದಿ ನೋಡುವುದು ಕಾನೂನು. ನನ್ನ ಮೊಣಕೈಯನ್ನೂ ಮನೆಯಾಕೆ ನಂಬುವುದಿಲ್ಲ, ತನ್ನದನ್ನು ಅದ್ದುತ್ತಾಳೆ.

ಇನ್ನೊಂದು ತಪ್ಪು ನನ್ನ ಶೂರತನದ್ದು. ಮೂರು ತಿಂಗಳ ಸರಾಸರಿ 11ರ ಹತ್ತಿರ ಇತ್ತು. ಡಾಕ್ಟರು ಇನ್ಸುಲಿನ್ ಶುರು ಮಾಡಿ, ನಿಧಾನಕ್ಕೆ ಇಳಿಸೋಣ ಅಂದಿದ್ದರು. ನಾನು ಅವರಿಗೆ ಹೇಳದೆ ರೊಟ್ಟಿಯನ್ನೇ ಬಿಟ್ಟೆ. ಒಂದೆರಡು ಸಲ ಶುಗರ್ ತೀರಾ ಇಳಿದು, ಹೊಲಿಗೆ ಮಷೀನಿನ ಮುಂದೆಯೇ ಬೆವರಿ ನಡುಗಿ ಸಕ್ಕರೆ ಬಾಯಿಗೆ ಹಾಕಿಕೊಂಡಿದ್ದೂ ಆಯಿತು. ಎರಡೂವರೆ ತಿಂಗಳಿಗೆ 7 ಬಂತು. ಪೇಢೆ ಹಂಚೋಣ ಅಂದುಕೊಂಡೆ, ತಿನ್ನುವ ಹಾಗಿಲ್ಲ ಅಷ್ಟೇ. ಆದರೆ ಉರಿ ಎರಡು ಪಟ್ಟಾಯಿತು. ಚಾದರ ತಾಗಿದರೂ ಚೀರುವಂತಾಗುತ್ತಿತ್ತು. ಡಾಕ್ಟರು ರಿಪೋರ್ಟ್ ನೋಡಿ ಬೈದರು. ಬಹಳ ದಿನ ಏರಿದ್ದ ಶುಗರ್ ಒಮ್ಮೆಲೇ ಧಡ್ ಅಂತ ಇಳಿದರೆ ನರಗಳು ಹೀಗೆ ತಿರುಗಿ ಬೀಳುತ್ತವಂತೆ. ಮೂರು ತಿಂಗಳಲ್ಲಿ ಎರಡು ಪಾಯಿಂಟಿಗಿಂತ ಜಾಸ್ತಿ ಇಳಿಸಲು ಹೋಗಬೇಡಿ ಅಂದರು. ಆ ಹೆಚ್ಚಿನ ಉರಿ ತಣಿಯಲು ಆರೇಳು ತಿಂಗಳು ಹಿಡಿಯಿತು. ಮತ್ತೆ ರೊಟ್ಟಿ ಹಿಡಿದೆ. ಸರಾಸರಿ 8 ಚಿಲ್ಲರೆಗೆ ಹೋಗಿ, ಮೆಲ್ಲಗೆ 7.2ರ ಆಸುಪಾಸಿಗೆ ಬಂದು ನಿಂತಿತು.

ಇಲ್ಲಿಂದ ಪುಸ್ತಕದ ಕಥೆ. 2022ರಲ್ಲಿ ಒಂದು ದಿನ ಡಾಕ್ಟರು "ಈಗ ಉರಿ ಹೇಗಿದೆ?" ಅಂದರು. "ಇದೆ ಸರ್" ಅಂದೆ. ಮೊದಲಿಗಿಂತ ಹೆಚ್ಚೋ ಕಡಿಮೆಯೋ ಅಂದರು. ಉತ್ತರ ಬರಲಿಲ್ಲ. ಮೂವತ್ತು ವರ್ಷ ಊರವರ ಅಳತೆ ತೆಗೆದವನಿಗೆ ತನ್ನ ಕಾಲಿನ ಅಳತೆ ಗೊತ್ತಿಲ್ಲ! ಮನೆಗೆ ಬಂದವನೇ ಅಂಗಡಿಯ ಹಳೆ ಅಳತೆ ಪುಸ್ತಕ ತೆಗೆದೆ. ಉದ್ದ, ಎದೆ, ಸೊಂಟ, ತೋಳು, ಕಾಲರ್ ಅಂತ ಗೆರೆ ಹಾಕಿಯೇ ಇತ್ತು. ಎದೆಯ ಕೆಳಗೆ ಬೆಳಗಿನ ಶುಗರ್. ಸೊಂಟದ ಕೆಳಗೆ ರಾತ್ರಿ ತಿಂದ ರೊಟ್ಟಿ. ತೋಳಿನ ಕೆಳಗೆ ಉರಿ, ಸೊನ್ನೆಯಿಂದ ಹತ್ತರವರೆಗೆ. ಕಾಲರ್ ಅಂದರೆ ಎಷ್ಟು ಗಂಟೆಗೆ ಎದ್ದೆ ಅಂತ. ಉದ್ದದಲ್ಲಿ ಎಷ್ಟು ಹೊತ್ತು ನಿಂತು ಕಟಿಂಗ್ ಮಾಡಿದೆ ಅನ್ನುವುದು.

ನಮ್ಮ ಅಕ್ಕನ ಮಗ ಅಂಗಡಿಯಲ್ಲಿ ಕೆಲಸ ಕಲಿಯುತ್ತಾನೆ. ಒಂದು ದಿನ ಕತ್ತರಿ ಹಿಡಿದು ನಿಂತುಬಿಟ್ಟಿದ್ದ. "ಎದಿ 168, ತೋಳ 8. ಇದು ಯಾವ ರಾಕ್ಷಸನ ಅಂಗಿ ಮಾಮಾ?" ಆ ಮಾತು ಬಜಾರೆಲ್ಲ ತಿರುಗಿತು. "ಮಾಸ್ತರ, ಕಾಲುರಿಗೂ ಅಂಗಿ ಹೊಲಿಯಾಕತ್ತೀರೇನು?" ಅಂತ ಚಹಾದಂಗಡಿಯಲ್ಲಿ ನಗು. ಬರೆದರೆ ಉರಿ ಹೋಗುತ್ತದಾ ಅಂತ ಭಾವಮೈದುನ.

ಹೋಗಲಿಲ್ಲ. ಆದರೆ ನಾಲ್ಕು ತಿಂಗಳು ಬರೆದಾಗ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಎದೆ ಇಳಿದಿದೆ, 130, 125, 138. ತೋಳು ಇಳಿದಿಲ್ಲ, 7, 8, 7. ಶುಗರ್ ಇಷ್ಟು ದಿನದಿಂದ ಹಿಡಿತದಲ್ಲಿದೆ, ಉರಿ ಮಾತ್ರ ಕೂತಲ್ಲೇ ಕೂತಿದೆ. ಪುಸ್ತಕ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋದೆ. ಅವರು ನಾಲ್ಕು ಪುಟ ತಿರುವಿ ಕೇಳಿದರು, ಶುಗರಿನ ಗುಳಿಗೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಹನ್ನೊಂದು. ಮಾಂಸ, ಮೊಟ್ಟೆ? ಇಲ್ಲ ಸರ್. ವಿಟಮಿನ್ ಬಿ12 ಯಾವಾಗ ನೋಡಿಸಿದ್ದೀರಿ? ಯಾವತ್ತೂ ಇಲ್ಲ.

ಸಾವಿರ ರೂಪಾಯಿ ಒಳಗಿನ ಟೆಸ್ಟು. 200ರ ಮೇಲೆ ಇರಬೇಕಾದದ್ದು 130 ಚಿಲ್ಲರೆ ಬಂತು. ಮೆಟ್‌ಫಾರ್ಮಿನ್ ಬಹಳ ವರ್ಷ ತಿಂದವರಲ್ಲಿ ಬಿ12 ಇಳಿಯುತ್ತದೆ. ನಮ್ಮಂಥ ಸಸ್ಯಾಹಾರಿಗಳಿಗೆ ಬರುವುದೇ ಕಡಿಮೆ, ಹೋಗುವುದು ಜಾಸ್ತಿ. ಬಿ12 ಕಡಿಮೆಯಾದರೂ ಹೀಗೇ ಜೋಮು ಹಿಡಿಯುತ್ತದೆ, ಹೀಗೇ ಉರಿಯುತ್ತದೆ. ಎಲ್ಲವನ್ನೂ ಶುಗರ್ ತಲೆಗೆ ಕಟ್ಟಿ ಕೂತಿದ್ದೆವು. ಮೊದಲು ದಿನ ಬಿಟ್ಟು ದಿನ ಇಂಜೆಕ್ಷನ್, ಆಮೇಲೆ ವಾರಕ್ಕೊಂದು, ಆಮೇಲೆ ಗುಳಿಗೆ. ಮೆಟ್‌ಫಾರ್ಮಿನ್ ಬಿಡಿಸಲಿಲ್ಲ, ಮುಂದುವರಿಸಿದರು. ಇಡೀ ಕೋರ್ಸಿಗೆ ಸಾವಿರ ಆಗಿರಬಹುದು. ಮಷೀನು ಹದಿನಾಲ್ಕು ಸಾವಿರ, ನೆನಪಿರಲಿ. ಮೊದಲ ತಿಂಗಳು ಏನೂ ಇಲ್ಲ. ಎರಡನೇ ತಿಂಗಳ ಕೊನೆಗೆ ತೋಳಿನಲ್ಲಿ ಮೊದಲ ಬಾರಿ 5 ಬರೆದೆ. ಪುಸ್ತಕ ಎತ್ತಿ ಮನೆಯಾಕೆಗೆ ತೋರಿಸಿದೆ. ಐದನೇ ತಿಂಗಳಿಗೆ 3. ಈಗ 1 ಇಲ್ಲವೇ 2.

ಉರಿಯ ಗುಳಿಗೆಯ ವಿಷಯ. ಡಾಕ್ಟರು ಕೊಟ್ಟಿದ್ದು ಪ್ರಿಗ್ಯಾಬಲಿನ್ 75 ಮಿಲಿಗ್ರಾಂ, ರಾತ್ರಿ ಒಂದು. ನಿದ್ದೆ ಬಂತು, ನಿದ್ದೆ ಬೆಳಗ್ಗೆಯೂ ಬಿಡಲಿಲ್ಲ. ಒಂದು ಸಫಾರಿಗೆ ಎರಡೂ ಎಡತೋಳು ಹಚ್ಚಿಬಿಟ್ಟೆ. ಸಿಟ್ಟಾಗಿ ನಾನೇ ನಿಲ್ಲಿಸಿದೆ, ಒಂದೇ ಸಲಕ್ಕೆ. ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ, ಬೆವರು, ಚಡಪಡಿಕೆ. ಅದನ್ನು ಹಾಗೆ ತಟ್ಟಂತ ಬಿಡಬಾರದಂತೆ. ಮತ್ತೆ ಶುರು ಮಾಡಿ, ರಾತ್ರಿ ಊಟವಾದ ಕೂಡಲೇ ತಗೊಳ್ಳಿ ಅಂದರು ಡಾಕ್ಟರು. ಅಷ್ಟು ಬದಲಾಯಿಸಿದ್ದಕ್ಕೇ ಬೆಳಗಿನ ಮಂಪರು ಮುಕ್ಕಾಲು ಕಡಿಮೆಯಾಯಿತು. ಉರಿ ಇಳಿದ ಮೇಲೆ ಅವರೇ ಹಂತಹಂತವಾಗಿ ಬಿಡಿಸಿದರು. ಜನೌಷಧಿ ಅಂಗಡಿಯಲ್ಲಿ ತಗೊಂಡರೆ ಇದರ ಖರ್ಚು ಏನೂ ಅಲ್ಲ.

ಮೆಣಸಿನಕಾಯಿಯ ಖಾರ ಇರುವ ಮುಲಾಮೂ ನೋಡಿದೆ. ಮೊದಲ ವಾರ ಉರಿಯ ಮೇಲೆ ಉರಿ, ಆಮೇಲೆ ಸ್ವಲ್ಪ ಮಂದ. ಕೆಲವರಿಗೆ ಆಗಿಬರುತ್ತದೆ. ನಾನು ಹಚ್ಚಿದ ಕೈಯಲ್ಲೇ ಕಣ್ಣು ಉಜ್ಜಿಕೊಂಡೆ. ಅಲ್ಲಿಗೆ ಆ ಪ್ರಯೋಗ ಮುಗಿಯಿತು.

ರೊಟ್ಟಿಯ ಮಾತಿಗೆ ಬರುತ್ತೇನೆ, ಏಕೆಂದರೆ ನಮ್ಮ ಕಡೆ ಎಲ್ಲರೂ "ಜೋಳದ ರೊಟ್ಟಿಗೆ ಶುಗರ್ ಏರಂಗಿಲ್ಲ" ಅಂತಲೇ ನಂಬಿದ್ದಾರೆ. ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿಯಂತೆ ಸುಟ್ಟು ನೋಡಿದ್ದೇನೆ. ಎರಡು ತೆಳು ರೊಟ್ಟಿಗೆ ಎರಡು ಗಂಟೆಯ ನಂತರ 165ರ ಆಸುಪಾಸು. ನಾಲ್ಕು ತಿಂದರೆ 240 ದಾಟುತ್ತದೆ. ಅನ್ನಕ್ಕಿಂತ ವಾಸಿ, ಏರುವುದೇ ಇಲ್ಲ ಅನ್ನುವುದು ಸುಳ್ಳು. ನಿಮ್ಮ ಮೀಟರು ಬೇರೆ ಹೇಳಬಹುದು, ನೋಡಿಕೊಳ್ಳಿ. ಒಂದು ಮೋಜು ಹೇಳುತ್ತೇನೆ: ಅದೇ ಎರಡು ರೊಟ್ಟಿ, ಅದೇ ಪುಂಡಿಪಲ್ಯ. ಮೊದಲು ಪಲ್ಯ ಮತ್ತು ಮೊಳಕೆ ಹೆಸರುಕಾಳು ಖಾಲಿ ಮಾಡಿ, ಕೊನೆಗೆ ರೊಟ್ಟಿ ತಿಂದರೆ ಇಪ್ಪತ್ತು ಇಪ್ಪತ್ತೈದು ಕಡಿಮೆ ಬರುತ್ತದೆ. ಒಣ ರೊಟ್ಟಿ ಕೊನೆಗೆ ಯಾರು ತಿಂತಾರ್ರೀ ಅಂತ ಮನೆಯಾಕೆಯ ತಕರಾರು ಇನ್ನೂ ಇದೆ. ಶೇಂಗಾ ಹಿಂಡಿ ಮೊಸರು ಉಳಿಸಿಕೊಂಡಿರುತ್ತೇನೆ.

ಈಗ ಜೋಮಿನ ವಿಷಯ. ಉರಿ ಹೋಯಿತು, ಜೋಮು ಪೂರ್ತಿ ಹೋಗಿಲ್ಲ. ಸತ್ತ ಜಾಗ ಎದ್ದು ಕೂರುತ್ತದೆ ಅಂತ ನನಗೆ ಯಾರೂ ಮಾತು ಕೊಟ್ಟಿಲ್ಲ. ಗೊತ್ತಾಗದ ಕಾಲಿಗೆ ಕಣ್ಣಿಂದಲೇ ಕಾವಲು. ರಾತ್ರಿ ಹಾಸಿಗೆಗೆ ಮೊದಲು ಕೈಗನ್ನಡಿ ಹಿಡಿದು ಅಂಗಾಲು, ಬೆರಳ ಸಂದು ನೋಡುತ್ತೇನೆ. ಚಪ್ಪಲಿ ಹಾಕುವ ಮೊದಲು ಒಳಗೆ ಕೈಯಾಡಿಸುತ್ತೇನೆ, ಟಾಚಣಿಯ ಅಂಗಡಿ ಅಲ್ವಾ. ಚಪ್ಪಲಿ ಎಂಸಿಆರ್ ಅನ್ನುವ ಮೆತ್ತನೆ ರಬ್ಬರಿನದು, ಏಳುನೂರರ ಸುಮಾರು, ಹಿಂದೆ ಪಟ್ಟಿ ಇರಲೇಬೇಕು. ಪಟ್ಟಿ ಇಲ್ಲದ್ದು ಕಾಲಿಂದ ಜಾರಿ ಬಿದ್ದರೂ ಗೊತ್ತಾಗುವುದಿಲ್ಲ. ಒಮ್ಮೆ ಸೂಪರ್ ಮಾರ್ಕೆಟ್‌ನಿಂದ ಒಂದೇ ಚಪ್ಪಲಿಯಲ್ಲಿ ಬಂದಿದ್ದೇನೆ.

ಸಾಕ್ಸ್ ಮಾತ್ರ ನನ್ನ ಸ್ವಂತ ಕಸುಬು. ಬಿಳಿ ಹತ್ತಿಯದೇ ಆಗಬೇಕು, ರಕ್ತವೋ ಕೀವೋ ಬಂದರೆ ಕಂಡುಬಿಡುತ್ತದೆ. ಒಳಮೈ ಹೊರಗೆ ಮಾಡಿ ಹಾಕಿಕೊಳ್ಳಿ, ಬೆರಳ ಮೇಲಿನ ಹೊಲಿಗೆ ತಿಕ್ಕುವುದಿಲ್ಲ. ಇಷ್ಟು ಪುಕ್ಕಟೆ. ಮೇಲಿನ ಬಿಗಿ ಎಲಾಸ್ಟಿಕ್ ಬಿಚ್ಚಿ ಅಲ್ಲಿ ನಾನು ಏನು ಹಾಕುತ್ತೇನೆ, ಅದು ಜಾರದೆ ಹೇಗೆ ನಿಲ್ಲುತ್ತದೆ ಅನ್ನುವುದನ್ನು ಹೇಳಲ್ಲ. ಹೊಟ್ಟೆಪಾಡು. ಹೋಳಿ ಆದ ಮೇಲೆ ನಮ್ಮೂರ ಶರಣಬಸವೇಶ್ವರ ಅಪ್ಪನ ಜಾತ್ರೆ ಬರುತ್ತದಲ್ಲ, ಆಗಲೇ ನಮ್ಮೂರ ಬಿಸಿಲಿಗೆ ಗುಡಿಯಂಗಳದ ಕಲ್ಲು ಹಂಚಿನಂತೆ ಕಾದಿರುತ್ತದೆ. ಬರಿಗಾಲಲ್ಲಿ ಹೋಗಿ ಸುಟ್ಟುಕೊಂಡ ಶುಗರಿನವರು ಎಷ್ಟೋ ಜನ. ನಾನು ಎರಡು ಜೊತೆ ಸಾಕ್ಸ್ ಹಾಕಿಕೊಂಡೇ, ಬೆಳಗಿನ ಆರಕ್ಕೇ ಕಾಯಿ ಒಡೆಸಿಕೊಂಡು ಬರುತ್ತೇನೆ. ಒಬ್ಬ ಹಿರಿಯರು ಗದರಿದರು. ಕಾಲು ತೋರಿಸಿದೆ. ಸುಮ್ಮನಾದರು.

ಕೊನೆಗೆ ನನ್ನ ಹೆಮ್ಮೆಯ ಪ್ರಯೋಗ. ಆಸ್ಪತ್ರೆಯಲ್ಲಿ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ, ಗೊತ್ತಾಯಿತಾ ಅಂತ ಕೇಳುತ್ತಾರಲ್ಲ. ಆ ಎಳೆ ಹತ್ತು ಗ್ರಾಂ ಒತ್ತಡಕ್ಕೆ ಸರಿಯಾಗಿ ಬಾಗುತ್ತದೆ. ನೈಲಾನ್ ದಾರ ಅಂದರೆ ನನ್ನ ಇಲಾಖೆ. ಮೀನು ಹಿಡಿಯುವ ದಪ್ಪ ದಾರ ತಂದು, ಅಕ್ಕಸಾಲಿಗ ಗೆಳೆಯನ ಬಂಗಾರದ ತಕ್ಕಡಿಯ ಮೇಲೆ ನೆಟ್ಟಗೆ ಒತ್ತಿ ನೋಡಿದೆ. ಉದ್ದ ಬಿಟ್ಟರೆ ನಾಲ್ಕೈದು ಗ್ರಾಮಿಗೇ ಬಾಗುತ್ತದೆ. ಕತ್ತರಿಸುತ್ತಾ ಹೋದಷ್ಟೂ ಗಟ್ಟಿ. ಹನ್ನೆರಡು ತುಂಡು ಹಾಳಾದ ಮೇಲೆ ಒಂದು ಹತ್ತಕ್ಕೆ ಬಂತು. ಹಳೆ ಬಾಲ್‌ಪೆನ್ನಿಗೆ ಸಿಕ್ಕಿಸಿದೆ. ಆಸ್ಪತ್ರೆಯದಕ್ಕೆ ಸಮ ಅಲ್ಲ, ಸೆಕೆಗೆ ಮೆತ್ತಗಾಗುತ್ತದೆ, ವರ್ಷಕ್ಕೊಮ್ಮೆ ಅಲ್ಲಿಗೂ ಹೋಗುತ್ತೇನೆ. ತಿಂಗಳಿಗೊಮ್ಮೆ ನಾನು ಕಣ್ಣು ಮುಚ್ಚುತ್ತೇನೆ, ಮನೆಯಾಕೆ ಒತ್ತುತ್ತಾಳೆ. ನಡುವೆ ಒತ್ತದೆಯೂ "ಈಗ?" ಅಂತ ಕೇಳಿ ಮೋಸ ಮಾಡುತ್ತಾಳೆ. ಎಡಗಾಲಲ್ಲಿ ಹತ್ತು ಜಾಗಕ್ಕೆ ಮೊದಲು ನಾಲ್ಕು ಗೊತ್ತಾಗುತ್ತಿತ್ತು, ಈಗ ಆರು.

ತಕ್ಕಡಿ ಕೊಟ್ಟ ದಿನ ಆ ಅಕ್ಕಸಾಲಿಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಅವನಿಗೂ ಶುಗರ್ ಬಂದು ಹತ್ತು ವರ್ಷ. ಹೋದ ತಿಂಗಳು ಅಂಗಡಿ ಮುಚ್ಚುವ ಹೊತ್ತಿಗೆ ಬಂದು ಸ್ಟೂಲಿನ ಮೇಲೆ ಕಾಲಿಟ್ಟ. "ನಂದೂ ಒಂದ್ ನೋಡು." ಕಣ್ಣು ಮುಚ್ಚಿಸಿದೆ. ಹತ್ತು ಸಲ ಒತ್ತಿದೆ. ಏಳು ಸಲ ಹೂಂ ಅಂದ. ಇನ್ನೂ ಕಣ್ಣು ಮುಚ್ಚಿಕೊಂಡೇ "ಶುರು ಮಾಡಲ್ಲೇನು ಮುಂದಿಂದು?" ಅಂದ. ಮುಗೀತು ಅಂದೆ. ಸ್ವಲ್ಪ ಹೊತ್ತು ತನ್ನ ಕಾಲನ್ನೇ ನೋಡುತ್ತಾ ಕೂತ.

ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ, ಬಿ12 ಬಗ್ಗೆನೂ ಕೇಳು ಅಂದೆ. ತಲೆಯಾಡಿಸಿ, ಆಮೇಲೆ ಕೇಳಿದ: "ಆ ಬಿಳಿ ಸಾಕ್ಸ್ ಎಷ್ಟಕ್ಕ ಕೊಡ್ತೀದಿ?"

"ಜೋಡಿಗೆ ಅರವತ್ತು. ನಕ್ಕವರಿಗೆ ಎಂಬತ್ತು."