ಎಮಿಷನ್ ಟೆಸ್ಟ್‌ನಲ್ಲಿ ಫೇಲ್ ಆದ ಹಳೆಯ ಸ್ಪೋರ್ಟ್ಸ್ ಕಾರು: ತಪ್ಪು ಹುಡುಕುವುದು ಹೇಗೆ?

ದೇವಿಮನೆ ಘಟ್ಟ ಇಳಿಯುವಾಗ ನನ್ನ ಕಾರಿನ ಟೆಂಪರೇಚರ್ ಮುಳ್ಳು ಕೆಳಗೆ ಬೀಳುತ್ತಿತ್ತು. ಶಿರಸಿ ಬಿಡುವಾಗ ನಡುವಿನಲ್ಲಿದ್ದದ್ದು ಕುಮಟಾ ಮುಟ್ಟುವಷ್ಟರಲ್ಲಿ ತಳಕ್ಕೆ ಬಂದಿರುತ್ತಿತ್ತು. ಎಂಜಿನ್ ತಣ್ಣಗಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡು ಸುಮ್ಮನಿದ್ದೆ. ಕಾರವಾರದಲ್ಲಿ ಎಮಿಷನ್ ಟೆಸ್ಟ್ ಎರಡು ಸಲ ಫೇಲ್ ಆಯಿತು. ಪ್ಲಗ್ ಬದಲಾಯಿತು, ಏರ್ ಫಿಲ್ಟರ್ ಬದಲಾಯಿತು, ಇಂಜೆಕ್ಟರ್ ಕ್ಲೀನಿಂಗೂ ಆಯಿತು. ಕೊನೆಗೆ ಕುಮಟಾದ ಹಿರಿಯ ಮೆಕ್ಯಾನಿಕ್ ಒಬ್ಬರು ಬಾನೆಟ್ ಎತ್ತುವ ಮೊದಲೇ ಕೇಳಿದರು: "ತಮಾ, ಘಟ್ಟ ಇಳಿವಾಗ ಮುಳ್ಳು ಎಲ್ಲಿರ್ತದೆ?"

ಹಳೆಯ ಪಾಲಿಯೊ 1.6, ಲ್ಯಾನ್ಸರ್, ಪಕ್ಕದ ಗೋವಾದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್, ಇಂಥ ಕಾರುಗಳನ್ನು ಪ್ರೀತಿಯಿಂದ ಉಳಿಸಿಕೊಂಡವರಿಗೆ ನನ್ನದು ಒಂದೇ ಮಾತು. ಪಾರ್ಟ್ಸ್ ತರುವ ಮೊದಲು ಟೆಸ್ಟ್‌ನ ಅಂಕಿ ಓದಿ.

ಸ್ಲಿಪ್ ಏನು ಹೇಳುತ್ತದೆ?

ಫೇಲ್ ಅಂದ ಕೂಡಲೇ ಹೊರಡಬೇಡಿ. ಮೆಷಿನ್ ತೋರಿಸಿದ ಅಂಕಿಗಳನ್ನು ಕೇಳಿ ಬರೆದುಕೊಳ್ಳಿ. ಪೆಟ್ರೋಲ್ ಕಾರಿನಲ್ಲಿ ಮುಖ್ಯವಾದವು ಎರಡು: ಸಿಒ (ಕಾರ್ಬನ್ ಮೊನಾಕ್ಸೈಡ್) ಮತ್ತು ಎಚ್‌ಸಿ (ಹೈಡ್ರೋಕಾರ್ಬನ್). ಭಾರತ್ ಸ್ಟೇಜ್ (ಹೊಗೆಯ ಮಿತಿಗೆ ಸರ್ಕಾರ ಹಾಕಿದ ಹಂತ) 2 ಮತ್ತು 3ರ ಕಾರಿಗೆ ಐಡಲ್‌ನಲ್ಲಿ, ಅಂದರೆ ಕಾರು ನಿಂತು ಎಂಜಿನ್ ಮಾತ್ರ ಓಡುವಾಗ, ಸಿಒ ಶೇ 0.5, ಎಚ್‌ಸಿ 750 ಪಿಪಿಎಂ (ಹತ್ತು ಲಕ್ಷಕ್ಕೆ 750 ಭಾಗ) ಮೀರಬಾರದು. ಅದಕ್ಕೂ ಹಿಂದಿನ ಕಾರಿಗೆ ಶೇ 3 ಮತ್ತು 1500ರವರೆಗೆ ಅವಕಾಶವಿದೆ. ಸ್ಟೇಜ್-4 ಆದರೆ ಶೇ 0.3 ಮತ್ತು 200. ನಿಮ್ಮದು ಯಾವ ಸ್ಟೇಜ್ ಎಂದು ಮೊದಲು ಖಚಿತ ಮಾಡಿಕೊಳ್ಳಿ.

ಸಿಒ ಅಂದರೆ ಅರ್ಧ ಉರಿದ ಪೆಟ್ರೋಲ್. ಅದು ಜಾಸ್ತಿ ಇದ್ದರೆ ಎಂಜಿನ್‌ಗೆ ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಪೆಟ್ರೋಲ್ ಹೆಚ್ಚಾಗಿದೆ. ಎಚ್‌ಸಿ ಅಂದರೆ ಉರಿಯದೇ ಹೊರಬಂದ ಪೆಟ್ರೋಲ್. ಸಿಒ ಸರಿಯಿದ್ದು ಎಚ್‌ಸಿ ಮಾತ್ರ ಏರಿದ್ದರೆ ಸ್ಪಾರ್ಕ್ ತಪ್ಪುತ್ತಿರಬಹುದು, ಇಲ್ಲವೇ ಎಲ್ಲಿಂದಲೋ ಹೆಚ್ಚಿನ ಗಾಳಿ ಒಳಗೆ ಹೋಗುತ್ತಿರಬಹುದು. ಎರಡೂ ಏರಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಜೊತೆಗೆ ಹೊಗೆಯನ್ನು ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಲಸ ಮಾಡುತ್ತಿಲ್ಲ ಎಂಬ ಅನುಮಾನ.

ಸಿಒ ಜಾಸ್ತಿ ಇದ್ದರೆ

ನನ್ನದು ಇದೇ. ನಮ್ಮ ಕಡೆ ಒಂದು ಹಳೆಯ ರೂಢಿಯಿದೆ. ಘಟ್ಟ ಹತ್ತುವಾಗ ಎಂಜಿನ್ ಕಾಯುತ್ತದೆ ಎಂದು ಥರ್ಮೋಸ್ಟ್ಯಾಟ್ (ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್) ಕಿತ್ತು ಬಿಸಾಡುವುದು. ನನ್ನ ಕಾರಿನಲ್ಲೂ ಹಿಂದೆ ಯಾರೋ ಹಾಗೇ ಮಾಡಿದ್ದರು. ಥರ್ಮೋಸ್ಟ್ಯಾಟ್ ಇಲ್ಲದಿದ್ದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರ್ ಸುತ್ತುತ್ತದೆ, ಎಂಜಿನ್ ಸರಿಯಾಗಿ ಬಿಸಿಯೇರುವುದಿಲ್ಲ. ಟೆಂಪರೇಚರ್ ಸೆನ್ಸರ್ 'ಇನ್ನೂ ತಣ್ಣಗಿದೆ' ಎಂದು ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಹೇಳುತ್ತಲೇ ಇರುತ್ತದೆ. ಅದನ್ನು ನಂಬಿ ಇಸಿಯು ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಘಟ್ಟ ಇಳಿಯುವಾಗ ಎಂಜಿನ್ ಮೇಲೆ ಭಾರವಿಲ್ಲ, ಎದುರು ಗಾಳಿ ಬೇರೆ. ಅದಕ್ಕೇ ಮುಳ್ಳು ಬೀಳುತ್ತದೆ.

ಪರೀಕ್ಷೆ ಸುಲಭ. ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಮುಟ್ಟುತ್ತಿರಿ. ಫ್ಯಾನ್‌ನಿಂದ ಕೈ ದೂರವಿರಲಿ. ಕೆಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟ್ಯಾಟ್ ಸರಿಯಿದೆ. ಮೊದಲಿನಿಂದಲೇ ನಿಧಾನವಾಗಿ ಬೆಚ್ಚಗಾಗುತ್ತ ಹೋದರೆ ಅದು ತೆರೆದೇ ಉಳಿದಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ. ಹೊಸದು ಹಾಕಿಸಿ. ಎಂಜಿನ್ ನಿಜವಾಗಿ ಕಾಯುತ್ತಿದ್ದರೆ ರೇಡಿಯೇಟರ್, ಫ್ಯಾನ್, ವಾಟರ್ ಪಂಪ್ ನೋಡಿಸಿ. ಥರ್ಮೋಸ್ಟ್ಯಾಟ್ ತೆಗೆಯುವುದು ಅದಕ್ಕೆ ಮದ್ದಲ್ಲ.

ಥರ್ಮೋಸ್ಟ್ಯಾಟ್ ಸರಿಯಿದ್ದರೆ ಸೆನ್ಸರ್ ಅಳೆಯಿರಿ. ಬಹಳ ಕಾರುಗಳಲ್ಲಿ ಅದರ ರೆಸಿಸ್ಟೆನ್ಸ್ 20 ಡಿಗ್ರಿಯಲ್ಲಿ ಎರಡರಿಂದ ಮೂರು ಸಾವಿರ ಓಮ್, 80 ಡಿಗ್ರಿಯಲ್ಲಿ ಮುನ್ನೂರರ ಆಸುಪಾಸು. ಬಿಸಿಯಾದರೂ ಇಳಿಯದಿದ್ದರೆ ಸೆನ್ಸರ್ ಕೆಟ್ಟಿದೆ. ಅದಕ್ಕೂ ಮೊದಲು ಕನೆಕ್ಟರ್ ಬಿಚ್ಚಿ ನೋಡಿ. ಕಡಲ ಉಪ್ಪು ಗಾಳಿಗೆ ಪಿನ್‌ಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ. ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ಕನೆಕ್ಟರ್ ಕಥೆಯೂ ಇದೇ. ಎಂಜಿನ್ ಬಿಸಿಯಾದ ಮೇಲೆ ಆ ಸೆನ್ಸರ್‌ನ ವೋಲ್ಟೇಜ್ 0.1 ಮತ್ತು 0.9ರ ನಡುವೆ ಮೇಲೆ ಕೆಳಗೆ ಓಡಾಡುತ್ತಿರಬೇಕು. ಒಂದೇ ಕಡೆ ನಿಂತಿದ್ದರೆ ತೊಂದರೆ.

ಸೈಲೆನ್ಸರ್ ಪೈಪಿನ ಜೋಡಣೆಗಳನ್ನೂ ನೋಡಿ. ಆಕ್ಸಿಜನ್ ಸೆನ್ಸರ್‌ಗಿಂತ ಮುಂದೆ, ಎಂಜಿನ್ ಕಡೆ, ತುಕ್ಕು ತಿಂದು ತೂತಾಗಿದ್ದರೆ ಹೊರಗಿನ ಗಾಳಿ ಒಳಗೆ ಸೇರುತ್ತದೆ. ಪೆಟ್ರೋಲ್ ಸಾಲದು ಎಂದು ಸೆನ್ಸರ್ ತಪ್ಪಾಗಿ ತಿಳಿಯುತ್ತದೆ. ಇಸಿಯು ಇನ್ನಷ್ಟು ಬಿಡುತ್ತದೆ.

ಕಾರ್ಬ್ಯುರೇಟರ್ ಕಾರಾದರೆ ಚೋಕ್ ಪೂರ್ತಿ ತೆರೆಯುತ್ತಿದೆಯೇ ನೋಡಿ, ಆಮೇಲೆ ಮೆಷಿನ್ ಇಟ್ಟುಕೊಂಡೇ ಐಡಲ್ ಸ್ಕ್ರೂ ಹೊಂದಿಸಿ.

ಎಚ್‌ಸಿ ಜಾಸ್ತಿ ಇದ್ದರೆ

ಮಳೆಗಾಲದಲ್ಲಿ ಶೆಡ್ಡಿನಲ್ಲೇ ನಿಂತ ಕಾರಿನಲ್ಲಿ ಇಲಿಗಳು ವೈರ್ ಕಡಿದಿರುತ್ತವೆ. ರಾತ್ರಿ ಕತ್ತಲಲ್ಲಿ, ಬಯಲಿನಲ್ಲಿ ನಿಲ್ಲಿಸಿ, ಬಾನೆಟ್ ಎತ್ತಿ ಎಂಜಿನ್ ಓಡಿಸಿ. ಪ್ಲಗ್ ವೈರ್ ಮೇಲೆ ನೀಲಿ ಕಿಡಿ ಓಡಿದರೆ ಅಲ್ಲೇ ಕರೆಂಟ್ ಸೋರುತ್ತಿದೆ. ಜೂನ್, ಜುಲೈನ ತೇವದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಆದರೆ ವೈರ್ ಮುಟ್ಟಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ. ಸಿಒಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ.

ಪ್ಲಗ್ ಬಿಚ್ಚಿದರೆ ಅದರ ಬಣ್ಣವೇ ಕಾರಣ ಹೇಳುತ್ತದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಜಾಸ್ತಿ. ಎಣ್ಣೆ ಹತ್ತಿದ ಕಪ್ಪಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಳಿಚಿಕೊಂಡಿದ್ದರೆ ಗಾಳಿ ಜಾಸ್ತಿ, ವ್ಯಾಕ್ಯೂಮ್ ಹೋಸ್ ಒಡೆದಿದೆಯೇ ನೋಡಿ. ಎಥೆನಾಲ್ ಸೇರಿದ ಪೆಟ್ರೋಲ್ ತೇವ ಎಳೆಯುತ್ತದೆ. ತಿಂಗಳುಗಟ್ಟಲೆ ನಿಂತ ಕಾರಾದರೆ ಹಳೆಯ ಪೆಟ್ರೋಲ್ ತೆಗೆಸಿಬಿಡಿ.

ಕನ್ವರ್ಟರ್ ಕೊನೆಗೆ

ಇದು ದುಬಾರಿ, ಅದಕ್ಕೇ ಕೊನೆಗೆ. 1995ರ ಏಪ್ರಿಲ್‌ನಲ್ಲಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರಿಗೆ ಇದು ಕಡ್ಡಾಯವಾಯಿತು. ಸೀಸವಿಲ್ಲದ ಪೆಟ್ರೋಲ್ ದೇಶವೆಲ್ಲ ಬಂದದ್ದು 2000ದಲ್ಲಿ. ಸೀಸ ಸೇರಿದ ಪೆಟ್ರೋಲ್ ಕುಡಿದ ಕನ್ವರ್ಟರ್ ಸತ್ತಂತೆಯೇ. ಎಂಜಿನ್ ತಣ್ಣಗಿರುವಾಗ ಕೈಯಿಂದ ಬಡಿದು ನೋಡಿ, ಒಳಗೆ ಗಲಗಲ ಅಂದರೆ ಪುಡಿಯಾಗಿದೆ. ಸೌಂಡ್ ಜಾಸ್ತಿ ಬರಲೆಂದು ಹಿಂದಿನ ಮಾಲೀಕರು ಅದನ್ನು ತೆಗೆಸಿರಲೂಬಹುದು. ಸ್ಪಾರ್ಕ್ ತಪ್ಪುವ ಕಾರಿನಲ್ಲಿ ಅದು ಕೆಂಡದಂತೆ ಕಾಯುತ್ತದೆ. ಅಂಥ ಕಾರನ್ನು ಒಣ ದರಕಿನ (ಉದುರಿದ ಎಲೆಗಳ) ಮೇಲೆ ನಿಲ್ಲಿಸಬೇಡಿ. ಮೇಲಿನ ತಪ್ಪುಗಳನ್ನು ಸರಿಮಾಡದೆ ಹೊಸದು ಹಾಕಿದರೆ ಅದೂ ಹಾಳಾಗುತ್ತದೆ.

ಹೇಗೋ ಒಂದು ಸರ್ಟಿಫಿಕೇಟ್ ಮಾಡಿಸಿಕೊಂಡರಾಯಿತು ಎನ್ನುವವರಿದ್ದಾರೆ. ದಯವಿಟ್ಟು ಬೇಡ. ಹೆಚ್ಚಾದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ತೊಳೆದು ಎಂಜಿನ್ನನ್ನೇ ಸವೆಸುತ್ತದೆ. ಹೊಗೆ ಕುಡಿಯುವುದು ನಮ್ಮೂರಿನ ಮಕ್ಕಳೇ.

ಮತ್ತೆ ಟೆಸ್ಟ್‌ಗೆ ಹೋಗುವ ದಿನ ಆಯಿಲ್ ಹೊಸದಿರಲಿ. ಹಳೆಯ ಆಯಿಲ್‌ನಲ್ಲಿ ಸೇರಿದ ಪೆಟ್ರೋಲ್ ಆವಿಯಾಗಿ ಎಂಜಿನ್‌ಗೇ ವಾಪಸ್ ಹೋಗುತ್ತದೆ. ಮನೆಯಿಂದ ನೇರ ಹೋಗಬೇಡಿ, ಅರ್ಧ ಗಂಟೆ ಓಡಿಸಿ. ಕನ್ವರ್ಟರ್ ಕೆಲಸ ಶುರುಮಾಡಲು ಸುಮಾರು 250ರಿಂದ 300 ಡಿಗ್ರಿ ಕಾವು ಬೇಕು. ನಾನು ಅಂಕೋಲಾಕ್ಕೆ ಹೋಗಿ ಹೆದ್ದಾರಿಯಲ್ಲೇ ವಾಪಸ್ ಬಂದು, ಎಂಜಿನ್ ಆಫ್ ಮಾಡದೆ ಸಾಲಿನಲ್ಲಿ ನಿಂತೆ. ಮುಳ್ಳು ನಡುವಿನಿಂದ ಕದಲಲಿಲ್ಲ. ಸಿಒ ಶೇ 0.3 ಬಂತು.